ಕಣ್ಣೊಳಗಿನ ಮರ ಮತ್ತು ನಿಲ್ಲಲಾರದ ನೋಟ

ಕಳೆದ ತಿಂಗಳು ಕಣ್ಣು ತೋರಿಸಲು ಹೋಗಿದ್ದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ಕೊನೆಯ ವರ್ಷಗಳಲ್ಲಿ ಪೇಪರು ಓದೋಕೂ ಕಷ್ಟಪಡುತ್ತಿದ್ದರು. ಹಾಗಾಗಿ "ನಲವತ್ತು ದಾಟಿತಲ್ಲ, ವರ್ಷಕ್ಕೊಂದು ಸಲ ತೋರಿಸ್ಕೊಂಡು ಬಾರೋ" ಅಂತ ಅಮ್ಮನ ಒಂದೇ ವರಾತ. ಕಣ್ಣಿಗೆ ಹನಿ ಬಿಟ್ಟು ಅರ್ಧ ಗಂಟೆ ಕೂರಿಸಿದರು. ಆಮೇಲೆ ಕತ್ತಲೆ ಕೋಣೆ. ಡಾಕ್ಟರು ಸಣ್ಣದೊಂದು ಬೆಳಕನ್ನು ಕಣ್ಣಿನ ಪಕ್ಕದಿಂದ ಆಚೀಚೆ ಆಡಿಸುತ್ತಿದ್ದಂತೆ ಇದ್ದಕ್ಕಿದ್ದ ಹಾಗೆ ಎದುರಿಗೆ ಒಂದು ಮರ ಕಾಣಿಸಿತು!

ಎಲೆ ಇಲ್ಲದ ಮರ. ಬೇಸಿಗೆಯಲ್ಲಿ ಬೋಳಾಗಿ ನಿಂತಿರುತ್ತಲ್ಲ, ಹಾಗೆ. ದಪ್ಪ ಕೊಂಬೆ, ಅದರಿಂದ ಸಣ್ಣ ಕೊಂಬೆ, ಅದರಿಂದ ಇನ್ನೂ ಸಣ್ಣದು... ಒಂದೆರಡು ಕ್ಷಣ ಇತ್ತು, ಬೆಳಕು ನಿಂತ ಕೂಡಲೇ ಕರಗಿಹೋಯಿತು. ನನಗೆ ಎದೆ ಧಸಕ್ಕೆಂದಿತು. ಅಪ್ಪನಿಗೆ ಶುರುವಾಗಿದ್ದೂ ಹೀಗೇನಾ? ಹೆದರಿಕೊಂಡೇ ಕೇಳಿದೆ.

"ಅಯ್ಯೋ ಏನೂ ಇಲ್ಲ, ಅದು ನಿಮ್ಮದೇ ಕಣ್ಣಿನ ರಕ್ತನಾಳಗಳ ನೆರಳು. ಎಲ್ಲರಿಗೂ ಇರುತ್ತೆ" ಅಂದರು ಡಾಕ್ಟರು.

ಹೆದರಿಕೆ ಹೋಯಿತು, ಪ್ರಶ್ನೆ ಉಳಿಯಿತು. ಆ ಮರ ಹುಟ್ಟಿದಾಗಿನಿಂದ ನನ್ನ ಕಣ್ಣಲ್ಲೇ ಇದ್ದರೆ ಇಷ್ಟು ವರ್ಷ ಒಂದು ದಿನವೂ ಯಾಕೆ ಕಾಣಲಿಲ್ಲ? ಅದನ್ನು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಸುಮಾರು ಮುನ್ನೂರು ವರ್ಷದ ಒಂದು ಕಥೆ. ನಿಮಗೂ ಹೇಳಬೇಕು ಅನ್ನಿಸಿತು.

ಮೊದಲೇ ಒಂದು ಮಾತು. ಇದು "ಬಲಗಣ್ಣು ಅದುರುತ್ತಿದೆ, ಏನೋ ಶುಭ" ಅಂತೀವಲ್ಲ, ಆ ಅದುರುವಿಕೆಯ ಕಥೆ ಅಲ್ಲ. ಅದು ರೆಪ್ಪೆಯ ಸ್ನಾಯುವಿನದು, ನಮಗೆ ಗೊತ್ತಾಗುತ್ತೆ. ಇದು ಕಣ್ಣಿನ ಗುಡ್ಡೆಯದೇ ಚಲನೆ. ಎಷ್ಟು ಸಣ್ಣದೆಂದರೆ ನಡೆಯುತ್ತಿದೆ ಅಂತ ನಮಗೇ ಗೊತ್ತಾಗುವುದಿಲ್ಲ. ಒಂದು ಚುಕ್ಕೆಯ ಮೇಲೆ ಕಣ್ಣು ನೆಟ್ಟು "ನಾನು ಅಲ್ಲಾಡಿಸುತ್ತಿಲ್ಲ" ಅಂತ ನೀವು ಆಣೆ ಮಾಡಿ ಹೇಳುವಾಗಲೂ ಅದು ನಡೆಯುತ್ತಲೇ ಇರುತ್ತೆ.

ಇದನ್ನು ಮೊದಲು ಗಮನಿಸಿ ಬರೆದವರಲ್ಲಿ ಒಬ್ಬ ಜೇಮ್ಸ್ ಜ್ಯೂರಿನ್ ಎಂಬ ಇಂಗ್ಲಿಷ್ ವೈದ್ಯ. ನ್ಯೂಟನ್ನನ ಅನುಯಾಯಿ. 1720ರ ದಶಕದಲ್ಲಿ ಸಿಡುಬಿಗೆ ಚುಚ್ಚಿಸಿಕೊಂಡವರಲ್ಲಿ ಎಷ್ಟು ಜನ ಸತ್ತರು, ಚುಚ್ಚಿಸಿಕೊಳ್ಳದೆ ಸಿಡುಬು ಬಂದವರಲ್ಲಿ ಎಷ್ಟು ಜನ ಸತ್ತರು ಅಂತ ಲೆಕ್ಕ ಹಾಕಿ ತೋರಿಸಿದ ಮನುಷ್ಯ ಇವನೇ. 1738ರಲ್ಲಿ ರಾಬರ್ಟ್ ಸ್ಮಿತ್ ಬರೆದ ದೃಗ್ವಿಜ್ಞಾನದ ದೊಡ್ಡ ಪುಸ್ತಕದ ಜೊತೆ ಜ್ಯೂರಿನ್ನನ ಪ್ರಬಂಧವೊಂದು ಅಚ್ಚಾಯಿತು. ಕಣ್ಣನ್ನು ಎಷ್ಟೇ ಗಟ್ಟಿಯಾಗಿ ನಿಲ್ಲಿಸಲು ಹೋದರೂ ಅದು ನಡುಗುತ್ತದೆ ಎಂಬ ಮಾತು ಅದರಲ್ಲಿದೆ. ಯಂತ್ರವಿಲ್ಲ, ಫೋಟೊ ಇಲ್ಲ, ತನ್ನ ನೋಟವನ್ನು ತಾನೇ ಗಮನಿಸಿ ಬರೆದದ್ದು.

ಸುಮಾರು ಐವತ್ತು ವರ್ಷದ ನಂತರ, 1786ರಲ್ಲಿ, ರಾಬರ್ಟ್ ಡಾರ್ವಿನ್ ಎಂಬ ಯುವ ವೈದ್ಯ ಇದಕ್ಕೊಂದು ಪುರಾವೆ ಕೊಟ್ಟ. ಹೌದು, ಆ ಡಾರ್ವಿನ್ನನ ಅಪ್ಪನೇ! ಬಣ್ಣದ ವೃತ್ತವೊಂದನ್ನು ಬಿಳಿಯ ಮೇಲಿಟ್ಟು ದಿಟ್ಟಿಸುತ್ತಾ ಹೋದರೆ ಅದರ ಅಂಚಿನಲ್ಲಿ ಇನ್ನೊಂದು ಬಣ್ಣದ ಹೊಳೆಯುವ ಗೆರೆ ಮೂಡುತ್ತದೆ. ಯಾಕೆ? ವೃತ್ತ ಬಿದ್ದಷ್ಟು ಜಾಗದಲ್ಲಿ ರೆಟಿನಾ ದಣಿದಿರುತ್ತದೆ. ಕಣ್ಣು ಕೂದಲೆಳೆಯಷ್ಟು ಜರುಗಿದರೂ ಆ ದಣಿದ ಜಾಗ ವೃತ್ತದ ಅಂಚಿನಿಂದ ಹೊರಗೆ ಇಣುಕುತ್ತದೆ. ಕಣ್ಣು ನಿಂತಿಲ್ಲ ಎಂಬುದಕ್ಕೆ ಆ ಗೆರೆಯೇ ಸಾಕ್ಷಿ.

ಇದನ್ನೇ ಹೋಲುವ ಒಂದು ಪ್ರಯೋಗ ನೀವೂ ಈಗಲೇ ಮಾಡಬಹುದು. ಬಿಳಿ ಹಾಳೆಯ ಮೇಲೆ ದಪ್ಪ ಕಪ್ಪು ಮಾರ್ಕರಿನಲ್ಲಿ ಒಂದು ಕೂಡಿಸುವ ಚಿಹ್ನೆ ಬರೆಯಿರಿ. ಅದರ ನಟ್ಟನಡುವೆ ಅರ್ಧ ನಿಮಿಷ ಕಣ್ಣು ನೆಟ್ಟು ನೋಡಿ. ಆಮೇಲೆ ಗೋಡೆಯ ಮೇಲಿನ ಒಂದು ಪುಟ್ಟ ಚುಕ್ಕೆಯನ್ನು ನೋಡಿ. ಚಿಹ್ನೆಯ ತಿಳಿ ಛಾಯೆ ಅಲ್ಲಿ ತೇಲುತ್ತದೆ. ಚುಕ್ಕೆಯನ್ನೇ ಬಿಡದೆ ನೋಡುತ್ತಿದ್ದರೂ ಛಾಯೆ ಮಾತ್ರ ಆಚೆಗೊಮ್ಮೆ ಈಚೆಗೊಮ್ಮೆ ಜಾರುತ್ತದೆ. ಛಾಯೆ ಇರುವುದು ರೆಟಿನಾದಲ್ಲಿ, ಅದಕ್ಕೆ ಜಾರಲು ಸಾಧ್ಯವಿಲ್ಲ. ಚುಕ್ಕೆ ಇರುವುದು ಗೋಡೆಯ ಮೇಲೆ, ಅದೂ ಜಾರುವುದಿಲ್ಲ. ಜಾರುತ್ತಿರುವುದು ನಿಮ್ಮ ಕಣ್ಣು!

ಸರಿ, ನಡುಗುತ್ತೆ. ಕೈ ಕೂಡ ನಡುಗುತ್ತೆ, ಅದರಿಂದೇನು? ಇನ್ನೊಂದು ದಾರಿಯಲ್ಲಿ ಹೊರಟವನು ಸ್ವಿಟ್ಜರ್ಲೆಂಡಿನ ಇಗ್ನಾಜ್ ಟ್ರಾಕ್ಸ್ಲರ್. ವೈದ್ಯ, ತತ್ವಜ್ಞಾನಿ, ಮುಂದೆ ತನ್ನ ದೇಶದ ಸಂಸತ್ತಿಗೆ ಎರಡು ಸದನ ಬೇಕೆಂದು ವಾದಿಸಿದವನು. 1804ರಲ್ಲಿ ಅವನು ಬರೆದದ್ದು ಇಷ್ಟು: ಒಂದು ಜಾಗದ ಮೇಲೆ ದೃಷ್ಟಿ ನೆಟ್ಟು ಅಲ್ಲಾಡದೆ ನೋಡುತ್ತಿದ್ದರೆ ಸುತ್ತಲಿನ ವಸ್ತುಗಳು ಮೆಲ್ಲಗೆ ಮಾಯವಾಗುತ್ತವೆ. ಇದನ್ನೂ ಮಾಡಿ ನೋಡಬಹುದು. ಬಿಳಿ ಹಾಳೆಯ ನಡುವೆ ಪೆನ್ನಿನಿಂದ ಒಂದು ಚುಕ್ಕೆ, ಒಂದು ಗೇಣು ದೂರದಲ್ಲಿ ಅರಿಸಿನದ ಬೆರಳಿನಿಂದ ಅಂಚು ಮಾಸಿದ ಒಂದು ಕಲೆ. ಚುಕ್ಕೆಯನ್ನೇ ನೋಡುತ್ತಿರಿ. ಸ್ವಲ್ಪ ಹೊತ್ತಿನಲ್ಲಿ ಅರಿಸಿನ ಅಳಿಸಿದ ಹಾಗೆ ಹೋಗಿಬಿಡುತ್ತೆ. ಕಣ್ಣು ಕೊಂಚ ಅಲ್ಲಾಡಿಸಿ, ಮತ್ತೆ ಹಾಜರ್!

ಇನ್ನು ನನ್ನ ಮರದ ವಿಷಯ. ಅದನ್ನು ಚೆನ್ನಾಗಿ ವಿವರಿಸಿದವನು ಜೆಕ್ ನಾಡಿನ ಯಾನ್ ಪುರ್ಕಿನ್ಯೆ. 1819ರಲ್ಲಿ ಬರೆದ ಪ್ರಬಂಧದಲ್ಲಿ ಅವನು ತನ್ನ ಕಣ್ಣಿಗೆ ತಾನೇ ಕಂಡ ಇಂಥ ಎಷ್ಟೋ ದೃಶ್ಯಗಳನ್ನು ದಾಖಲಿಸಿದ. ಇವತ್ತಿಗೂ ಕಣ್ಣಿನ ಡಾಕ್ಟರುಗಳು ಆ ಮರವನ್ನು ಪುರ್ಕಿನ್ಯೆ ಮರ ಎಂದೇ ಕರೆಯುವುದು. ಬೆಳಕನ್ನು ಗ್ರಹಿಸುವ ಕೋಶಗಳ ಮುಂದೆಯೇ ರಕ್ತನಾಳಗಳು ಹಾದುಹೋಗಿವೆ. ಅವುಗಳ ನೆರಳು ಯಾವಾಗಲೂ ಅದೇ ಕೋಶಗಳ ಮೇಲೆ ಬೀಳುತ್ತದೆ. ಕಣ್ಣು ಅಲ್ಲಾಡಿದರೆ ನೆರಳೂ ಜೊತೆಗೇ ಅಲ್ಲಾಡುತ್ತದೆ. ಅಂದರೆ ರೆಟಿನಾದ ಲೆಕ್ಕದಲ್ಲಿ ಅದು ಒಂದಿಷ್ಟೂ ಕದಲದ ಚಿತ್ರ. ಕದಲದ್ದರಿಂದಲೇ ಕಾಣುವುದಿಲ್ಲ. ಬೆಳಕನ್ನು ಪಕ್ಕದಿಂದ ಆಡಿಸಿದಾಗ ನೆರಳು ಹೊಸ ಕೋಶಗಳ ಮೇಲೆ ಬೀಳುತ್ತದೆ, ಆಗ ಮಾತ್ರ ಮರ ಕಾಣುತ್ತದೆ.

ಒಳಗಿನ ವ್ಯಾಪಾರ ಹೀಗೆ. ನಮ್ಮ ನರಕೋಶಗಳಿಗೆ ಬದಲಾವಣೆ ಬೇಕು. ಬದಲಾಗದೆ ಉಳಿದದ್ದಕ್ಕೆ ಅವು ಉತ್ತರ ಕೊಡುವುದನ್ನು ಕಡಿಮೆ ಮಾಡುತ್ತವೆ. ಮನೆಯೊಳಗೇ ಇದ್ದವರಿಗೆ ಒಗ್ಗರಣೆಯ ಘಮ ಗೊತ್ತಾಗುವುದಿಲ್ಲ, ಹೊರಗಿಂದ ಬಂದವರು "ಏನಿವತ್ತು ಘಮಘಮ?" ಅಂತಾರೆ. ಕೈಗೆ ಕಟ್ಟಿದ ವಾಚು ಐದು ನಿಮಿಷದಲ್ಲಿ ಮರೆತುಹೋಗುತ್ತೆ. ಕಣ್ಣೂ ಹಾಗೆಯೇ.

ಹಾಗಾದರೆ ಜ್ಯೂರಿನ್ ಕಂಡ ನಡುಕಕ್ಕೂ ಟ್ರಾಕ್ಸ್ಲರ್ ಕಂಡ ಮಾಯಕ್ಕೂ ಸಂಬಂಧ ಇರಬೇಕಲ್ಲ? ಕಣ್ಣು ಸಂಪೂರ್ಣ ನಿಂತುಬಿಟ್ಟರೆ ಇಡೀ ಜಗತ್ತೇ ಆ ಅರಿಸಿನದ ಕಲೆಯ ಹಾಗೆ ಅಳಿಸಿಹೋಗುತ್ತದೆಯೇ? ಹತ್ತೊಂಬತ್ತನೇ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಈ ದಿಕ್ಕಿನಲ್ಲಿ ಯೋಚಿಸಿದ್ದ. ದೃಷ್ಟಿ ಅಲೆದಾಡುತ್ತಾ ಇರುವುದರಿಂದಲೇ ರೆಟಿನಾ ದಣಿಯದೆ ಉಳಿಯುತ್ತದೆ ಎಂದು ಬರೆದ. ಆದರೆ ಪರೀಕ್ಷಿಸುವುದು ಹೇಗೆ? ಅಷ್ಟು ಸಣ್ಣ ಚಲನೆಯನ್ನು ಅಳೆಯಬೇಕು, ಆಮೇಲೆ ಅದನ್ನು ರದ್ದು ಮಾಡಬೇಕು. ಇದಕ್ಕೆ ನೂರು ವರ್ಷ ಹಿಡಿಯಿತು.

ಅಳೆಯುವ ಕೆಲಸ ಓದುವ ಕಣ್ಣಿನಿಂದ ಶುರುವಾಯಿತು. 1870ರ ದಶಕದ ಕೊನೆಯಲ್ಲಿ ಪ್ಯಾರಿಸಿನ ಎಮಿಲ್ ಜವಾಲ್ ಮತ್ತು ಅವನ ಸಂಗಡಿಗರು ಒಂದು ಸಂಗತಿ ಗಮನಿಸಿದರು. ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ, ಹಾರಿ ನಿಂತು ಹಾರಿ ನಿಂತು ಹೋಗುತ್ತದೆ. ಈ ಜಿಗಿತಕ್ಕೆ ಬಂದ ಹೆಸರು ಸಕೇಡ್. ಫ್ರೆಂಚಿನಲ್ಲಿ ಕುದುರೆಯ ಲಗಾಮನ್ನು ಜಗ್ಗುವುದಕ್ಕೆ ಆ ಪದ. ಓದುವ ಕಣ್ಣಿನ ಬಗ್ಗೆ ಇಷ್ಟೆಲ್ಲಾ ತಲೆ ಕೆಡಿಸಿಕೊಂಡ ಜವಾಲ್ ಗ್ಲಾಕೋಮಾದಿಂದ ತನ್ನ ಎರಡೂ ಕಣ್ಣು ಕಳೆದುಕೊಂಡ. ಆಮೇಲೆ ಸುಮ್ಮನೆ ಕೂರದೆ ಕುರುಡರ ಬದುಕಿನ ಬಗ್ಗೆ 1903ರಲ್ಲಿ ಪುಸ್ತಕ ಬರೆದ. ಇದನ್ನು ಓದಿದಾಗ ಅಪ್ಪನ ನೆನಪಾಗಿ ಸ್ವಲ್ಪ ಹೊತ್ತು ಮುಂದೆ ಓದಲಾಗಲಿಲ್ಲ.

1898ರಲ್ಲಿ ಅಮೆರಿಕದ ಎಡ್ಮಂಡ್ ಹ್ಯೂಯಿ ಮಾಡಿದ ಪ್ರಯೋಗ ಕೇಳಿದರೆ ಮೈ ಝುಂ ಅನ್ನುತ್ತೆ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಪುಟ್ಟ ಬಟ್ಟಲು, ನಡುವೆ ನೋಡೋಕೊಂದು ತೂತು. ಕಣ್ಣಿಗೆ ಕೊಕೇನ್ ಹನಿ ಹಾಕಿ ಮರಗಟ್ಟಿಸಿ ಆ ಬಟ್ಟಲನ್ನು ನೇರ ಕಾರ್ನಿಯಾದ ಮೇಲೆ ಕೂರಿಸುವುದು. (ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ಬಳಕೆ 1884ರಲ್ಲಷ್ಟೇ ಶುರುವಾಗಿತ್ತು.) ಬಟ್ಟಲಿಗೆ ಅಲ್ಯೂಮಿನಿಯಮ್ಮಿನ ಹಗುರ ಕಡ್ಡಿ. ಕಣ್ಣು ಅಲ್ಲಾಡಿದಂತೆ ಕಡ್ಡಿ ಮಸಿ ಹಿಡಿಸಿದ ಉರುಳೆಯ ಮೇಲೆ ಗೀಚುತ್ತಾ ಹೋಗುತ್ತದೆ. ಅದೇ ವರ್ಷ ಡೆಲಬಾರ್ ಎಂಬ ಇನ್ನೊಬ್ಬನೂ ಇಂಥದ್ದನ್ನೇ ಮಾಡಿದ. ಪುಣ್ಯಕ್ಕೆ 1901ರಲ್ಲಿ ಡಾಡ್ಜ್ ಮತ್ತು ಕ್ಲೈನ್ ಕಣ್ಣಿಗೆ ಏನನ್ನೂ ತಾಗಿಸದೆ, ಕಾರ್ನಿಯಾದಿಂದ ಹೊಳೆದು ಬರುವ ಬೆಳಕನ್ನು ಮೆಲ್ಲಗೆ ಕೆಳಗಿಳಿಯುವ ಫೋಟೊ ಪ್ಲೇಟಿನ ಮೇಲೆ ಹಿಡಿಯುವ ದಾರಿ ಕಂಡುಕೊಂಡರು.

1950ರ ಹೊತ್ತಿಗೆ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಫ್ಲಾಯ್ಡ್ ರ‍್ಯಾಟ್ಲಿಫ್ ಮತ್ತು ಲಾರಿನ್ ರಿಗ್ಸ್ ಅಳತೆಯನ್ನು ಗಟ್ಟಿಮಾಡಿದರು. ಬಿಗಿಯಾಗಿ ಕೂರುವ ಕಾಂಟ್ಯಾಕ್ಟ್ ಲೆನ್ಸಿಗೆ ಪುಟ್ಟ ಕನ್ನಡಿ, ಕನ್ನಡಿಯಿಂದ ಹೊರಳಿದ ಬೆಳಕಿನ ಗೆರೆ ಓಡುವ ಫಿಲ್ಮಿನ ಮೇಲೆ. ಇವತ್ತಿಗೂ ನಾವು ಹೇಳುವ ಮೂರು ಬಗೆಯ ಚಲನೆ ಇಂಥ ಅಳತೆಗಳಿಂದಲೇ ಸ್ಪಷ್ಟವಾದದ್ದು. ಒಂದು, ಎಡೆಬಿಡದ ಅತಿ ಸೂಕ್ಷ್ಮ ನಡುಕ, ಸೆಕೆಂಡಿಗೆ ಸುಮಾರು 90 ಸಲ, ಅದರ ಅಗಲ ರೆಟಿನಾದ ಒಂದು ಕೋಶದಷ್ಟು. ಎರಡು, ಗಾಳಿಗೆ ಸಿಕ್ಕ ದೋಣಿಯ ಹಾಗೆ ಗೊತ್ತುಗುರಿಯಿಲ್ಲದ ಜಾರುವಿಕೆ. ಮೂರು, ಸೆಕೆಂಡಿಗೆ ಒಂದೆರಡು ಸಲ ಚಟಕ್ಕನೆ ಒಂದು ಪುಟ್ಟ ಜಿಗಿತ, ಅದೇ ಮೈಕ್ರೊಸಕೇಡ್. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. ಈ ಜಿಗಿತಗಳು ಬಹುಪಾಲು ಅದಕ್ಕಿಂತ ಚಿಕ್ಕವು. ಆದರೂ ಅಷ್ಟರಲ್ಲೇ ಚಿತ್ರ ಹತ್ತಾರು ಕೋಶಗಳನ್ನು ದಾಟಿಬಿಡುತ್ತದೆ.

ಇನ್ನು ರದ್ದು ಮಾಡುವುದು. ಇಂಗ್ಲೆಂಡಿನ ರೆಡಿಂಗಿನಲ್ಲಿ ಡಿಚ್‌ಬರ್ನ್ ಮತ್ತು ಗಿನ್ಸ್‌ಬೋರ್ಗ್ (1952), ಬ್ರೌನಿನಲ್ಲಿ ರಿಗ್ಸ್ ತಂಡ (1953), ಎರಡು ಕಡೆಯವರೂ ಹೆಚ್ಚುಕಡಿಮೆ ಒಟ್ಟಿಗೇ ಇದನ್ನು ಸಾಧಿಸಿದರು. ರಿಗ್ಸ್ ತಂಡದ ಉಪಾಯ ನನಗೆ ಬಹಳ ಹಿಡಿಸಿತು. ನೋಡಬೇಕಾದ ಚಿತ್ರವನ್ನೇ ಕಣ್ಣಿನ ಮೇಲಿನ ಕನ್ನಡಿಯಿಂದ ಹೊರಳಿಸಿ ಪರದೆಯ ಮೇಲೆ ಬೀಳಿಸಿದರು. ತೊಂದರೆ ಏನೆಂದರೆ, ಕನ್ನಡಿ ಒಂದು ಡಿಗ್ರಿ ತಿರುಗಿದರೆ ಅದರಿಂದ ಹೊರಟ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ಹೈಸ್ಕೂಲಿನ ಪಾಠ. ಅದಕ್ಕೆ ಅವರು ಪರದೆಯಿಂದ ಕಣ್ಣಿಗೆ ಮರಳುವ ಬೆಳಕಿನ ಹಾದಿಯನ್ನು, ಕನ್ನಡಿಗಳಲ್ಲಿ ಸುತ್ತುಬಳಸಿ, ಎರಡರಷ್ಟು ಉದ್ದ ಮಾಡಿದರು. ಎರಡರಷ್ಟು ದೂರದಿಂದ ನೋಡಿದರೆ ಚಲನೆ ಅರ್ಧವಾಗಿ ಕಾಣುತ್ತದೆ. ಲೆಕ್ಕ ಚುಕ್ತಾ! ಕಣ್ಣು ಎತ್ತ ಜಾರಿದರೂ ಚಿತ್ರ ಅತ್ತಲೇ ಅಷ್ಟೇ ಜಾರುತ್ತದೆ, ರೆಟಿನಾದ ಮೇಲೆ ನಿಂತಲ್ಲೇ ನಿಲ್ಲುತ್ತದೆ.

ಏನಾಯಿತು? ಮೊದಲ ಕ್ಷಣಗಳಲ್ಲಿ ಗೆರೆ ಚೆನ್ನಾಗಿಯೇ ಕಂಡಿತು. ಆಮೇಲೆ ಮಸುಕಾಯಿತು. ಆಮೇಲೆ ಇಲ್ಲವಾಯಿತು. ಕಣ್ಣು ತೆರೆದಿದೆ, ದೀಪ ಉರಿಯುತ್ತಿದೆ, ಚಿತ್ರ ಸರಿಯಾದ ಜಾಗದಲ್ಲೇ ಬಿದ್ದಿದೆ, ಆದರೂ ನೋಡುವವನಿಗೆ ಏನೂ ಇಲ್ಲ.

ಮಾಸ್ಕೋದಲ್ಲಿ ಆಲ್ಫ್ರೆಡ್ ಯಾರ್ಬುಸ್ ಇದನ್ನೇ ಇನ್ನೊಂದು ರೀತಿಯಲ್ಲಿ ಮಾಡುತ್ತಿದ್ದ. ಕಣ್ಣಿಗೆ ಮರಗಟ್ಟುವ ಹನಿ, ರೆಪ್ಪೆ ಮುಚ್ಚದಂತೆ ಟೇಪು, ಗುಡ್ಡೆಗೆ ಗಾಳಿ ಹೀರಿ ಕಚ್ಚಿಕೊಳ್ಳುವ ಪುಟ್ಟ ಟೋಪಿ, ಟೋಪಿಯಲ್ಲೇ ನೋಡಬೇಕಾದ ಚಿತ್ರ. ಕೆಲವೇ ಸೆಕೆಂಡಿನಲ್ಲಿ ಚಿತ್ರ ಹೋಗಿ ಬರಿಯ ಬಯಲು ಉಳಿಯುತ್ತಿತ್ತು. 1965ರಲ್ಲಿ ಅವನ ಪುಸ್ತಕ ರಷ್ಯನ್ನಿನಲ್ಲಿ, 1967ರಲ್ಲಿ ಇಂಗ್ಲಿಷಿನಲ್ಲಿ ಬಂತು. ಆ ಅನುವಾದದ ಸಂಪಾದಕ ಯಾರು ಗೊತ್ತೇ? ಅದೇ ಲಾರಿನ್ ರಿಗ್ಸ್. ಶೀತಲ ಸಮರದ ಕಾಲ, ಎರಡು ದೇಶ ಒಂದಕ್ಕೊಂದು ಕ್ಷಿಪಣಿ ಗುರಿಯಿಟ್ಟು ಕೂತಿದ್ದವು. ಒಂದೇ ಪ್ರಶ್ನೆ ಹಿಡಿದಿದ್ದ ಇಬ್ಬರು ಮಾತ್ರ ಒಂದೇ ಪುಸ್ತಕದಲ್ಲಿ ಸೇರಿದರು.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರಾಯ್ ಪ್ರಿಚರ್ಡ್ ಮತ್ತು ಸಂಗಡಿಗರು 1960ರ ಸುಮಾರಿಗೆ ಇನ್ನೊಂದು ವಿಚಿತ್ರ ಕಂಡರು. ನಿಂತ ಚಿತ್ರ ಒಟ್ಟಿಗೇ ಅಳಿಯುವುದಿಲ್ಲ, ತುಂಡುತುಂಡಾಗಿ ಅಳಿಯುತ್ತದೆ, ಮತ್ತೆ ತುಂಡುತುಂಡಾಗಿ ಮರಳುತ್ತದೆ. ಅದೂ ಅಡ್ಡಾದಿಡ್ಡಿಯಾಗಿ ಅಲ್ಲ! ಇಂಗ್ಲಿಷಿನಲ್ಲಿ 'ಬಿಯರ್' ಅಂತ ಬರೆದು ತೋರಿಸಿದರೆ ಒಮ್ಮೆ 'ಪಿಯರ್', ಒಮ್ಮೆ 'ಪೀಪ್', ಒಮ್ಮೆ ಬರೀ 'ಬೀ' ಉಳಿಯುತ್ತಿತ್ತಂತೆ. ಅರ್ಥವಿರುವ ತುಂಡುಗಳೇ ಉಳಿಯುತ್ತವೆ ಅಂದಮೇಲೆ ಇದು ಬರೀ ರೆಟಿನಾದ ದಣಿವಲ್ಲ, ಮಿದುಳಿಗೂ ಪಾತ್ರವಿದೆ ಎಂದು ಅವರು ವಾದಿಸಿದರು. ಲೆನ್ಸು ಒಂಚೂರು ಜಾರಿದ್ದಕ್ಕೇ ತುಂಡುಗಳು ಮರಳಿರಬಹುದು ಎಂದು ಅನುಮಾನಿಸಿದವರೂ ಇದ್ದರು.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ, ಜಗಳ ಶುರುವಾಗುವುದೇ ಇಲ್ಲಿಂದ!

ಚಲನೆ ಬೇಕು, ಒಪ್ಪಿದೆವು. ಆದರೆ ಮೂರರಲ್ಲಿ ಯಾವುದು? ಮೈಕ್ರೊಸಕೇಡ್ ದಾರಿ ತಪ್ಪಿದ ನೋಟವನ್ನು ಮತ್ತೆ ಜಾಗಕ್ಕೆ ತರುತ್ತದೆ ಎಂದು 1956ರಲ್ಲಿ ಟಾಮ್ ಕಾರ್ನ್‌ಸ್ವೀಟ್ ಹೇಳಿದ. ಮೇರಿಲ್ಯಾಂಡಿನ ರಾಬರ್ಟ್ ಸ್ಟೈನ್‌ಮನ್ ತಂಡ ಒಪ್ಪಲಿಲ್ಲ. "ಕಣ್ಣನ್ನು ಸುಮ್ಮನೆ ಹಿಡಿದಿಡಿ" ಅಂದರೆ ಸಾಕು, ಜನ ಈ ಜಿಗಿತಗಳನ್ನು ಬಹಳಷ್ಟು ತಡೆದುಬಿಡುತ್ತಾರೆ, ಹಾಗೆಂದು ಅವರಿಗೆ ಜಗತ್ತು ಮಾಯವಾಗುವುದಿಲ್ಲ ಎಂದು ತೋರಿಸಿದರು. 1976ರಲ್ಲಿ ವಿಂಟರ್‌ಸನ್ ಮತ್ತು ಕಾಲ್ವೈನ್ ಸೂಜಿಗೆ ದಾರ ಪೋಣಿಸುವವರ ಮತ್ತು ಬಂದೂಕಿಗೆ ಗುರಿಹಿಡಿದವರ ಕಣ್ಣು ಅಳೆದರೆ, ಆ ಸೂಕ್ಷ್ಮ ಕೆಲಸದ ಹೊತ್ತಿನಲ್ಲೇ ಜಿಗಿತಗಳು ಕಡಿಮೆಯಾಗುತ್ತಿದ್ದವು. ಅಷ್ಟು ಮುಖ್ಯವಾಗಿದ್ದರೆ ಬೇಕಾದ ಹೊತ್ತಿಗೇ ಯಾಕೆ ಕೈಕೊಡಬೇಕು? 1980ರಲ್ಲಿ ಐಲೀನ್ ಕೌಲರ್ ಮತ್ತು ಸ್ಟೈನ್‌ಮನ್ ಡಿಚ್‌ಬರ್ನ್‌ಗೆ ಕೊಟ್ಟ ಉತ್ತರದ ತಲೆಬರಹವೇ ಈ ಸಣ್ಣ ಸಕೇಡುಗಳಿಂದ ಯಾವ ಪ್ರಯೋಜನವೂ ಇಲ್ಲ ಎಂಬರ್ಥದ್ದು. ಅಷ್ಟು ನೇರ! ಅದಾದ ಮೇಲೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಈ ಕಡೆ ತಲೆಹಾಕಿದವರು ಕಡಿಮೆ.

2000ನೇ ಇಸವಿಯಲ್ಲಿ ಸುಸಾನಾ ಮಾರ್ಟಿನೆಜ್-ಕೊಂಡೆ, ಸ್ಟೀಫನ್ ಮ್ಯಾಕ್ನಿಕ್ ಮತ್ತು ನೊಬೆಲ್ ಪಡೆದ ಡೇವಿಡ್ ಹ್ಯೂಬೆಲ್ ಕೋತಿಗಳ ಮಿದುಳಿನಲ್ಲಿ ದಾಖಲಿಸಿ ನೋಡಿದರು. ಪ್ರತಿ ಮೈಕ್ರೊಸಕೇಡಿನ ಬೆನ್ನಿಗೇ ದೃಷ್ಟಿಯ ನರಕೋಶಗಳು ಪಟಪಟನೆ ಸಿಡಿಯುತ್ತಿದ್ದವು. 2006ರಲ್ಲಿ ಮಾರ್ಟಿನೆಜ್-ಕೊಂಡೆ ತಂಡ ಟ್ರಾಕ್ಸ್ಲರನ ಹಳೆಯ ಆಟವನ್ನೇ ಮನುಷ್ಯರಿಗೆ ಆಡಿಸಿತು. ಪಕ್ಕದ ಕಲೆ ಅಳಿಸುವ ಮುಂಚೆ ಮೈಕ್ರೊಸಕೇಡುಗಳು ಕಡಿಮೆಯಾಗುತ್ತಿದ್ದವು, ಕಲೆ ಮರಳುವ ಮುಂಚೆ ಹೆಚ್ಚಾಗುತ್ತಿದ್ದವು. ಇನ್ನೂರು ವರ್ಷದ ಹಿಂದಿನ ಎರಡು ಎಳೆ ಕೊನೆಗೂ ಗಂಟು ಬಿದ್ದವು.

ಜಾರುವಿಕೆಗೂ ವಕೀಲರು ಸಿಕ್ಕಿದರು. ಮಿಶೆಲ್ ರೂಚಿ ತಂಡ 2007ರಲ್ಲಿ, ನೋಟ ಒಂದೆಡೆ ನಿಂತ ಅರೆಗಳಿಗೆಯಲ್ಲೇ ಚಿತ್ರವನ್ನು ಕಂಪ್ಯೂಟರಿನಿಂದ ಕಣ್ಣಿಗೆ ಅಂಟಿಸಿ ನೋಡಿತು. ದಪ್ಪ ಗೆರೆಗಳಿಗೆ ತೊಂದರೆಯಿಲ್ಲ, ನವುರಾದ ಗೆರೆಗಳನ್ನು ಗುರುತಿಸುವುದು ಕಷ್ಟವಾಯಿತು. ಅಂದರೆ ಈ ಚಲನೆ ಚಿತ್ರ ಅಳಿಯದಂತೆ ಕಾಯುವುದಷ್ಟೇ ಅಲ್ಲ, ಸೂಕ್ಷ್ಮ ವಿವರಗಳನ್ನು ಎತ್ತಿ ತೋರಿಸುತ್ತದೆ. ಕಣ್ಣು ಮುಚ್ಚಿ ಬಟ್ಟೆಯ ನೇಯ್ಗೆ ಗುರುತಿಸಬೇಕಾದರೆ ಬೆರಳನ್ನು ಒತ್ತಿ ಸುಮ್ಮನಿರುತ್ತೇವೆಯೇ? ಸವರಿ ನೋಡುತ್ತೇವೆ. ಹಾಗೆ. ಮತ್ತೆ 2010ರಲ್ಲಿ ಅದೇ ತಂಡದವರು ಪರದೆಯ ಮೇಲೆ ಸೂಜಿಗೆ ದಾರ ಪೋಣಿಸುವ ಕೆಲಸ ಕೊಟ್ಟು ಅಳೆದಾಗ, ಮೈಕ್ರೊಸಕೇಡುಗಳು ಸುಮ್ಮನೆ ಅಡ್ಡಾಡುತ್ತಿರಲಿಲ್ಲ. ದಾರದ ತುದಿಯಿಂದ ಸೂಜಿಯ ಕಣ್ಣಿಗೆ, ಅಲ್ಲಿಂದ ಮತ್ತೆ ದಾರಕ್ಕೆ ನೋಟವನ್ನು ಕರಾರುವಾಕ್ಕಾಗಿ ಕೊಂಡೊಯ್ಯುತ್ತಿದ್ದವು. 1976ರಲ್ಲಿ ಯಾವ ಕೆಲಸ ಈ ಜಿಗಿತಗಳ ವಿರುದ್ಧ ಸಾಕ್ಷಿ ಹೇಳಿತ್ತೋ ಅದೇ ಕೆಲಸ ಈಗ ಅವುಗಳ ಪರವಾಗಿ ಸಾಕ್ಷಿ ಹೇಳಿತು. ವಾದ ಪೂರ್ತಿ ಮುಗಿದಿಲ್ಲ, ಯಾವ ಚಲನೆಗೆ ಎಷ್ಟು ಪಾಲು ಎಂಬ ಲೆಕ್ಕ ಈಗಲೂ ನಡೆದಿದೆ. ಆದರೆ "ಪ್ರಯೋಜನವೇ ಇಲ್ಲ" ಎಂಬ ಮಾತು ಮೊದಲಿನಷ್ಟು ಸುಲಭವಲ್ಲ.

ಇಷ್ಟೆಲ್ಲಾ ಓದಿದ ಮೇಲೆ ನನಗೆ ನಗು ಬಂದದ್ದು ನಮ್ಮ ದೇವತೆಗಳನ್ನು ನೆನೆದು. ಅವರು ಅನಿಮಿಷರು, ರೆಪ್ಪೆ ಬಡಿಯದವರು. ದಮಯಂತಿ ಸ್ವಯಂವರದಲ್ಲಿ ನಿಜವಾದ ನಳನನ್ನು ಗುರುತಿಸಿದ್ದಕ್ಕೆ ಅದೂ ಒಂದು ಗುರುತು. ರೆಪ್ಪೆ ಬಡಿಯದಿದ್ದರೆ ಹೋಗಲಿ, ಆದರೆ ಅವರ ನೋಟ ಕೂಡ ನಿಜಕ್ಕೂ ಕದಲದೆ ನಿಂತಿದ್ದಿದ್ದರೆ ಎದುರಿಗೆ ನಿಂತ ದಮಯಂತಿ ಅವರಿಗೆ ಕಾಣಿಸುತ್ತಲೇ ಇರಲಿಲ್ಲವಲ್ಲ!

ನನ್ನ ಮರಕ್ಕೆ ಮರಳೋಣ. ಅದು ಎಷ್ಟು ಬೇಗ ಮಾಯವಾಗುತ್ತೆ ಅಂತಲೂ 1996ರಲ್ಲಿ ಕೊಪೋಲಾ ಮತ್ತು ಪರ್ವ್ಸ್ ಅಳೆದಿದ್ದಾರೆ. 80 ಮಿಲಿಸೆಕೆಂಡಿಗಿಂತ ಕಡಿಮೆಯೂ ಆಗಬಹುದಂತೆ. ಒಂದು ಸೆಕೆಂಡಿನ ಹನ್ನೆರಡನೇ ಒಂದು ಭಾಗ! ಅಂದರೆ ಅಲ್ಲಾಡದೆ ನಿಂತರೆ ಜಗತ್ತು ನಮ್ಮಿಂದ ಅಷ್ಟೇ ದೂರ.

ನೀವೂ ನಿಮ್ಮ ಮರ ನೋಡಬೇಕೇ? ಡಾಕ್ಟರ ಹತ್ತಿರ ಹೋಗಬೇಕಾಗಿಲ್ಲ. ದಪ್ಪ ಕಾಗದದಲ್ಲಿ ಗುಂಡುಪಿನ್ನಿನಿಂದ ಒಂದು ತೂತು ಮಾಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದರ ಹತ್ತಿರಕ್ಕೆ ಆ ತೂತು ಹಿಡಿದು, ಬೆಳಗಿರುವ ಆಕಾಶ ನೋಡುತ್ತಾ ಕಾಗದವನ್ನು ಸಣ್ಣಗೆ, ಬೇಗಬೇಗ ಆಡಿಸಿ. (ಸೂರ್ಯನ ಕಡೆ ಮಾತ್ರ ಖಂಡಿತಾ ಬೇಡ!) ಬಲೆಯಂಥ ಸಣ್ಣ ನಾಳಗಳು ಕಾಣುತ್ತವೆ. ಆಡಿಸುವುದು ನಿಲ್ಲಿಸಿ, ಮಾಯ.

ಆವತ್ತು ಕಣ್ಣು ತೋರಿಸಿಕೊಂಡು ಬಂದಾಗ ಹನಿಯ ಪ್ರಭಾವ ಇಳಿದಿರಲಿಲ್ಲ, ಮನೆಯೆಲ್ಲಾ ಬೆಳಕು ಬೆಳಕು. ಅಮ್ಮ ಕಿಟಕಿಯ ಹತ್ತಿರ ಕೂತು ನನ್ನ ಅಂಗಿಗೆ ಗುಂಡಿ ಹಾಕಲು ಸೂಜಿಗೆ ದಾರ ಪೋಣಿಸುತ್ತಿದ್ದಳು. "ಏನಂದ್ರೋ?" ಅಂದಳು. "ಏನೂ ಇಲ್ವಂತೆ ಅಮ್ಮ, ಚೆನ್ನಾಗಿದೆಯಂತೆ" ಅಂದೆ. ಅವಳು ಉಸಿರು ಬಿಟ್ಟು ಮತ್ತೆ ಸೂಜಿ ಎತ್ತಿ ಹಿಡಿದಳು. ಮೂರನೇ ಸಲಕ್ಕೆ ದಾರ ಹೋಯಿತು.

ನೀವು ಪಿನ್ನಿನ ತೂತಿನಲ್ಲಿ ನೋಡಿದರೆ ಏನು ಕಂಡಿತು ಅಂತ ನನಗೂ ಹೇಳಿ.